ಕೆಂಪು ಚೀಟಿ ಬರೆದವಳು

“ಗುರುಗಳೇ, ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಂಡವನ ಮಾತಿಗೆ ಆಮೇಲೆ ಬೆಲೆ ಇರುತ್ತದೆಯೇ?”

ಕೇಳಿದವನು ಆಶ್ರಮದ ಶಾಲೆಯಲ್ಲಿ ಆರು ವರ್ಷಗಳಿಂದ ಕನ್ನಡ ಕಲಿಸುತ್ತಿದ್ದ ಶಿಷ್ಯ. ಗುರುಗಳು ಜಗಲಿಯಲ್ಲಿ ಕುಳಿತು ಹಳೆಯ ಪುಸ್ತಕವೊಂದಕ್ಕೆ ರಟ್ಟು ಅಂಟಿಸುತ್ತಿದ್ದರು. ತಲೆ ಎತ್ತದೆಯೇ, “ಏನಾಯಿತು?” ಎಂದರು.

ಶಿಷ್ಯ ಹೇಳಿದ. ಒಂಬತ್ತನೆಯ ತರಗತಿಯ ಹುಡುಗಿಯೊಬ್ಬಳು ಒಂದು ಪ್ರಬಂಧ ಬರೆದಿದ್ದಳು. ಅದು ತೀರ ಚೆನ್ನಾಗಿತ್ತು. ಅಷ್ಟು ಚೆನ್ನಾಗಿ ಅವಳು ಬರೆಯಲಾರಳು ಎಂದುಕೊಂಡು ಅವನು ಮೂರು ದಿನದ ಹಿಂದೆ ಆ ಹಾಳೆಯನ್ನು ಇಡೀ ತರಗತಿಯ ಎದುರು ಎತ್ತಿ ಹಿಡಿದಿದ್ದ. ಇದು ಎಲ್ಲಿಂದಲೋ ಕದ್ದು ಬರೆದದ್ದು ಎಂದಿದ್ದ. ಈ ದಿನ ಬೆಳಿಗ್ಗೆ ಅವಳ ಹಳೆಯ ನೋಟ್‌ಬುಕ್ಕು ಅವನ ಕೈಗೆ ಸಿಕ್ಕಿತು. ಅದೇ ಪ್ರಬಂಧವನ್ನು ಅವಳು ಅದರಲ್ಲಿ ನಾಲ್ಕು ಸಲ ಹೊಡೆದುಹಾಕಿ ನಾಲ್ಕು ಸಲ ತಿದ್ದಿ ಬರೆದಿದ್ದಳು.

“ತಪ್ಪು ನನ್ನದೇ. ಅದು ನನಗೆ ಗೊತ್ತಾಗಿದೆ,” ಎಂದ ಶಿಷ್ಯ. “ಆದರೆ ತರಗತಿಯಲ್ಲಿ ನಲವತ್ತು ಮಕ್ಕಳಿದ್ದಾರೆ. ಮೇಷ್ಟ್ರ ಮಾತೂ ತಪ್ಪಾಗಬಹುದು ಎಂದು ಅವರಿಗೆ ಒಮ್ಮೆ ತಿಳಿದರೆ ನಾಳೆ ನಾನು ಹೇಳುವುದನ್ನು ಯಾರು ನಂಬುತ್ತಾರೆ?”

ಗುರುಗಳು ಅಂಟಿನ ಬಟ್ಟಲನ್ನು ಪಕ್ಕಕ್ಕೆ ಸರಿಸಿದರು.

“ಕೂತುಕೋ ತಮ್ಮಾ,” ಎಂದರು. ಅವನು ಕುಳಿತ ಮೇಲೆ ಈ ಕತೆ ಹೇಳಿದರು.

ಮಂಗಳೂರಿನಲ್ಲಿ ವಾರಿಜಾ ಎಂಬ ಹೆಂಗಸಿದ್ದಳು. ಬ್ಯಾಗುಗಳನ್ನು ಪರೀಕ್ಷೆ ಮಾಡಿ, ಅಸಲಿ ಯಾವುದು ನಕಲಿ ಯಾವುದು ಎಂದು ಹೇಳುವುದು ಅವಳ ಕೆಲಸ.

ಇಂಥದ್ದೊಂದು ಕೆಲಸವಿದೆಯೇ ಎಂದು ನೀನು ಕೇಳಬಹುದು. ಇದೆ. ಹೊರದೇಶದ ದೊಡ್ಡ ಕಂಪನಿಗಳು ಮಾಡುವ ಹೆಂಗಸರ ಕೈಚೀಲಗಳಿಗೆ ಲಕ್ಷಗಟ್ಟಲೆ ಬೆಲೆ. ಕೊಂಡವರು ಕೆಲವು ಕಾಲ ಬಳಸಿ ಮಾರಿಬಿಡುತ್ತಾರೆ. ಹೊಸದನ್ನು ಕೊಳ್ಳಲಾರದವರು ಆ ಹಳೆಯದನ್ನು ಕೊಳ್ಳುತ್ತಾರೆ. ಈ ವ್ಯಾಪಾರವೆಲ್ಲ ಮೊಬೈಲಿನಲ್ಲೇ ನಡೆಯುತ್ತದೆ. ಮಾರುವವರು ಕೊಳ್ಳುವವರ ಮುಖ ನೋಡುವುದಿಲ್ಲ, ಕೊಳ್ಳುವವರು ಬ್ಯಾಗನ್ನು ಮುಟ್ಟಿ ನೋಡುವುದಿಲ್ಲ. ನಡುವೆ ನಕಲಿ ಮಾಲು ಬಹಳ. ಹಾಗಾಗಿ ಆ ವ್ಯಾಪಾರ ನಡೆಸುವ ಒಂದು ಕಂಪನಿ ತನ್ನಲ್ಲಿಗೆ ಬಂದ ಪ್ರತಿಯೊಂದು ಬ್ಯಾಗನ್ನೂ ಮೊದಲು ವಾರಿಜಾಳಿಗೆ ಕಳಿಸುತ್ತಿತ್ತು. ಅವಳು ನೋಡಿ ಅದಕ್ಕೊಂದು ಚೀಟಿ ಕಟ್ಟುತ್ತಿದ್ದಳು. ಅಸಲಿಗೆ ಹಸಿರು ಚೀಟಿ, ನಕಲಿಗೆ ಕೆಂಪು.

ಅವಳ ಅಪ್ಪನಿಗೆ ಹಂಪನಕಟ್ಟೆಯ ಬಳಿ ಸೂಟ್‌ಕೇಸು, ಚೀಲ ರಿಪೇರಿ ಮಾಡುವ ಪುಟ್ಟ ಅಂಗಡಿಯಿತ್ತು. ಚರ್ಮದ ವಾಸನೆ, ದಾರದ ಬಿಗಿ, ಜಿಪ್ಪಿನ ತೂಕ ಇವನ್ನೆಲ್ಲ ಅವಳು ಅಲ್ಲೇ ಕಲಿತಳು. ಆಮೇಲೆ ಚರ್ಮದ ಕಾರ್ಖಾನೆಯೊಂದರಲ್ಲಿ ಕೆಲಸ ಮಾಡಿದಳು. ಬ್ಯಾಗನ್ನು ಕಣ್ಣು ಮುಚ್ಚಿ ಸವರಿದರೂ ಹೊಲಿಗೆ ಯಂತ್ರದ್ದೋ ಕೈಯದ್ದೋ ಎಂದು ಹೇಳಬಲ್ಲವಳಾದಳು. ಐದು ವರ್ಷದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಬ್ಯಾಗುಗಳು ಅವಳ ಮೇಜಿನ ಮೇಲೆ ಹಾದುಹೋದವು. ಅವಳ ಚೀಟಿ ತಪ್ಪೆಂದು ಒಬ್ಬರೂ ತೋರಿಸಿಕೊಟ್ಟಿರಲಿಲ್ಲ. ಕೊಳ್ಳುವವರು ಬ್ಯಾಗಿನ ಚಿತ್ರ ನೋಡುವ ಮೊದಲು ಅವಳ ಚೀಟಿಯ ಬಣ್ಣ ನೋಡುತ್ತಿದ್ದರು.

ಒಂದು ದಿನ ಅವಳಿಗೆ ಕಿನ್ನಿಗೋಳಿಯಿಂದ ಒಂದು ಬ್ಯಾಗು ಬಂತು. ಫ್ರೆಂಚ್ ಕಂಪನಿಯೊಂದರ ಕಂದು ಬಣ್ಣದ ಹಳೆಯ ಬ್ಯಾಗು. ಆ ದಿನ ಅವಳ ಮುಂದೆ ಇನ್ನೂ ಮೂವತ್ತು ಬ್ಯಾಗುಗಳಿದ್ದವು. ಹಿಡಿಕೆಯ ದಾರ ಆ ಕಂಪನಿ ಬಳಸುವ ದಾರವಾಗಿರಲಿಲ್ಲ. ಒಳಗಿನ ಬಟ್ಟೆಯೂ ಬೇರೆ. ಒಳಜೇಬಿನ ಚರ್ಮದ ಮೇಲೆ ಒತ್ತಿದ ಅಂಕಿಗಳ ಕ್ರಮ ತಿರುವುಮುರುವಾಗಿತ್ತು; ಬ್ಯಾಗು ತಯಾರಾದ ವರ್ಷ ಮೊದಲು ಇರಬೇಕಾದಲ್ಲಿ ವಾರದ ಸಂಖ್ಯೆ ಮೊದಲಿತ್ತು. ಮೂರು ಕಾರಣ ಸಾಕಾಯಿತು. ಅವಳು ಕೆಂಪು ಚೀಟಿ ಬರೆದು ಕಟ್ಟಿದಳು. ಇಷ್ಟಕ್ಕೆ ಆರು ನಿಮಿಷ ಹಿಡಿಯಿತು.

ಕಂಪನಿ ಬ್ಯಾಗನ್ನು ಚೀಟಿಯ ಸಮೇತ ವಾಪಸು ಕಳಿಸಿತು. ಜೊತೆಗೊಂದು ಪತ್ರ ಇಟ್ಟಿತು. ‘ನೀವು ನಕಲಿ ಮಾಲು ಮಾರಲು ಯತ್ನಿಸಿದ್ದೀರಿ. ಇನ್ನು ಮುಂದೆ ನಮ್ಮಲ್ಲಿ ನೀವು ಏನನ್ನೂ ಮಾರುವಂತಿಲ್ಲ’ ಎಂದು ಅದರಲ್ಲಿತ್ತು.

ಒಂದು ವಾರದ ನಂತರ, ಚೀಟಿಯ ಮೇಲಿದ್ದ ವಾರಿಜಾಳ ಮೊಬೈಲ್ ನಂಬರಿಗೆ ಒಂದು ಸಂದೇಶ ಬಂತು. ‘ಮೇಡಂ, ನಮಸ್ಕಾರ. ನಾನು ಕಿನ್ನಿಗೋಳಿಯ ಎಮಿಲ್ಡಾ. ಬ್ಯಾಗಿನ ದುಡ್ಡು ಹೋದರೆ ಹೋಗಲಿ. ಅದನ್ನು ನನಗೆ ಕೊಟ್ಟವರಿಗೆ ಅದು ನಕಲಿ ಅಂತ ಗೊತ್ತಿದ್ದಿರಬಹುದಾ? ಅದೊಂದು ಹೇಳಿ.’

ವಾರಿಜಾ ಓದಿದಳು. ಕೆಂಪು ಚೀಟಿ ಸಿಕ್ಕವರು ಬೈದು ಬರೆಯುವುದು, ಬೇಡಿಕೊಂಡು ಬರೆಯುವುದು ಅವಳಿಗೆ ರೂಢಿಯಾಗಿತ್ತು. ಈ ಪ್ರಶ್ನೆ ಚರ್ಮಕ್ಕೂ ದಾರಕ್ಕೂ ಸಂಬಂಧಿಸಿದ್ದಾಗಿರಲಿಲ್ಲ. ಅವಳು ಉತ್ತರ ಬರೆಯಲಿಲ್ಲ.

“ಉತ್ತರ ಅವಳಿಗೂ ಗೊತ್ತಿರಲಿಲ್ಲವಲ್ಲ, ಗುರುಗಳೇ,” ಎಂದ ಶಿಷ್ಯ.

“ಗೊತ್ತಿಲ್ಲ ಎಂದು ಬರೆಯಬಹುದಿತ್ತು,” ಎಂದರು ಗುರುಗಳು. ಮತ್ತೆ ಮುಂದುವರಿಸಿದರು.

ಎಮಿಲ್ಡಾ ಬಾಯಿ ಮದುವೆಯಾಗಿರಲಿಲ್ಲ. ಹತ್ತೊಂಬತ್ತು ವರ್ಷ ಮಸ್ಕತ್ತಿನಲ್ಲಿ ಒಬ್ಬ ಮುದುಕಿಯನ್ನು ನೋಡಿಕೊಂಡು ಅಲ್ಲೇ ಇದ್ದಳು. ಆ ಮುದುಕಿ ಬೇರೂತ್ ಎಂಬ ಪಟ್ಟಣದ ಕಡೆಯವರು. ಎಮಿಲ್ಡಾ ಅವರನ್ನು ಮದಾಮ್ ಎಂದು ಕರೆಯುತ್ತಿದ್ದಳು. ಮೊದಲ ಹತ್ತು ವರ್ಷ ಮದಾಮ್ ಕೋಲೂರಿ ನಡೆಯುತ್ತಿದ್ದರು. ಆಮೇಲೆ ಗಾಲಿ ಕುರ್ಚಿ. ಕೊನೆಯ ಮೂರು ವರ್ಷ ಹಾಸಿಗೆ. ಸ್ನಾನ ಮಾಡಿಸುವುದು, ತಲೆ ಬಾಚುವುದು, ಉಣಿಸುವುದು ಎಲ್ಲ ಎಮಿಲ್ಡಾಳದ್ದೇ. ಒಬ್ಬರ ಭಾಷೆ ಇನ್ನೊಬ್ಬರಿಗೆ ಮೊದಲು ಬರುತ್ತಿರಲಿಲ್ಲ. ಕೊನೆಗೆ ಇಬ್ಬರೂ ಸೇರಿ ಮೂರು ಭಾಷೆ ಕಲಸಿದ ಒಂದು ಭಾಷೆಯನ್ನು ಮಾಡಿಕೊಂಡಿದ್ದರು. ಅದು ಆ ಮನೆಯ ಹೊರಗೆ ಯಾರಿಗೂ ತಿಳಿಯುತ್ತಿರಲಿಲ್ಲ.

ತೀರಿಕೊಳ್ಳುವ ಒಂದು ತಿಂಗಳ ಮುಂಚೆ ಮದಾಮ್ ಕಪಾಟಿನಿಂದ ಆ ಬ್ಯಾಗನ್ನು ತರಿಸಿದರು. ಅದು ಅವರ ಗಂಡ ಕೊಟ್ಟದ್ದು. “ಇದು ನಿನಗೆ. ಮನೆಗೆ ಹೋದ ಮೇಲೆ ಮಾರು. ನಿನಗಾಗಿ ಏನಾದರೂ ಮಾಡಿಕೋ,” ಎಂದರು.

ಎಮಿಲ್ಡಾ ಊರಿಗೆ ಬಂದಳು. ಅಣ್ಣನ ಮನೆಯ ಪಕ್ಕದ ಎರಡು ಕೋಣೆಯ ಮನೆಯಲ್ಲಿ ಉಳಿದಳು. ಅವಳಿಗೊಂದು ಆಸೆಯಿತ್ತು. ಆಸ್ಪತ್ರೆಯಿಂದ ಬಿಟ್ಟ ಮುದುಕರು ಮನೆಗೆ ಹೋಗುವ ಮೊದಲು ಹತ್ತು ಹದಿನೈದು ದಿನ ಇದ್ದು ಸುಧಾರಿಸಿಕೊಳ್ಳಲು ಒಂದು ಜಾಗ ಮಾಡಬೇಕು. ಎರಡು ಒಳ್ಳೆಯ ಮಂಚ, ಹಿಡಿದುಕೊಳ್ಳಲು ಗೋಡೆಗೆ ಸರಳು ಇರುವ ಬಚ್ಚಲು. ಅಷ್ಟಿದ್ದರೆ ಸಾಕು, ಉಳಿದದ್ದು ತನ್ನ ಕೈಗೆ ಗೊತ್ತು ಎಂದು ಅವಳು ಎಲ್ಲರಿಗೂ ಹೇಳಿದ್ದಳು. ಬ್ಯಾಗು ಮಾರಿದರೆ ಆಗುತ್ತದೆ ಎಂದೂ ಹೇಳಿದ್ದಳು.

ಕೊರಿಯರ್ ಬಂದ ದಿನ ಅತ್ತಿಗೆಯೂ ನೆರೆಯ ಇಬ್ಬರು ಹೆಂಗಸರೂ ಅಂಗಳದಲ್ಲಿದ್ದರು. ಪೆಟ್ಟಿಗೆ ಬಿಚ್ಚಿದಾಗ ಕೆಂಪು ಚೀಟಿ ಎಲ್ಲರಿಗೂ ಕಾಣಿಸಿತು. ಅತ್ತಿಗೆ ಪತ್ರವನ್ನು ಗಟ್ಟಿಯಾಗಿ ಓದಿದಳು.

“ಹತ್ತೊಂಬತ್ತು ವರ್ಷ ಚಾಕರಿ ಮಾಡಿದ್ದಕ್ಕೆ ಡೂಪ್ಲಿಕೇಟ್ ಕೊಟ್ಟು ಕಳಿಸಿದರಾ?” ಎಂದಳು. ಕೆಟ್ಟ ಮನಸ್ಸಿನಿಂದ ಹೇಳಿದ ಮಾತಲ್ಲ. ನಾದಿನಿಯ ಪರವಾಗಿ ಸಿಟ್ಟಿನಿಂದ ಹೇಳಿದ ಮಾತು. ಆದರೆ ಅದು ಎಮಿಲ್ಡಾಳ ಎದೆಯಲ್ಲಿ ಕೂತುಬಿಟ್ಟಿತು. ಊರಿನಲ್ಲಿ ಕೆಲವರು ಬೇರೆ ಮಾತನ್ನೂ ಆಡಿದರು. ಮುದುಕಿ ಕೊಟ್ಟಿದ್ದಾರೋ ಇವಳೇ ತಂದಿದ್ದಾಳೋ ಯಾರಿಗೆ ಗೊತ್ತು ಎಂದರು. ಅದು ಅವಳಿಗೆ ಅಷ್ಟು ನೋವು ಮಾಡಲಿಲ್ಲ. ತಾನು ಕದ್ದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಮದಾಮ್ ತನಗೆ ಮೋಸ ಮಾಡಲಿಲ್ಲ ಎಂಬುದು ಮಾತ್ರ ಅವಳಿಗೆ ಈಗ ಗೊತ್ತಿರಲಿಲ್ಲ.

ಏಳು ತಿಂಗಳು ಕಳೆಯಿತು.

ವಾರಿಜಾಳ ಮೇಜಿಗೆ ಪುಣೆಯಿಂದ ಅದೇ ಫ್ರೆಂಚ್ ಕಂಪನಿಯ ಇನ್ನೊಂದು ಬ್ಯಾಗು ಬಂತು. ಡಾಕ್ಟರೊಬ್ಬರ ಮನೆಯದ್ದು. ಅಂಕಿಗಳು ತಿರುವುಮುರುವಾಗಿದ್ದವು. ಅವಳು ಕೆಂಪು ಚೀಟಿಗೆ ಕೈ ಹಾಕಿದಳು. ಆದರೆ ಈ ಬ್ಯಾಗಿನ ಜೊತೆ ಕಂಪನಿಯ ಅಂಗಡಿಯಲ್ಲೇ ಕೊಂಡ ರಸೀದಿಯಿತ್ತು. ದಾರ ಸರಿಯಾಗಿತ್ತು, ಬಟ್ಟೆ ಸರಿಯಾಗಿತ್ತು. ಅವಳ ಕೈ ನಿಂತಿತು.

ಆ ಕಂಪನಿಯ ರಿಪೇರಿ ವಿಭಾಗದಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದ ಮುದುಕನೊಬ್ಬ ಅವಳಿಗೆ ಇ-ಮೇಲಿನಲ್ಲಿ ಪರಿಚಯ. ಅವನಿಗೆ ಬರೆದು ಕೇಳಿದಳು. ಎರಡು ದಿನದಲ್ಲಿ ಉತ್ತರ ಬಂತು. ಒಂದು ವರ್ಷ, ಕೆಲವೇ ತಿಂಗಳು, ಒಂದು ಕಾರ್ಖಾನೆಯಲ್ಲಿ ಮಾತ್ರ ಅಂಕಿಗಳನ್ನು ಹಾಗೆ ಒತ್ತುತ್ತಿದ್ದರು. ಅಂಥ ಬ್ಯಾಗುಗಳು ತೀರ ಕಡಿಮೆ. ‘ನಾನೂ ಎರಡು ಸಲ ಎಡವಿದ್ದೇನೆ’ ಎಂದು ಅವನು ಕೊನೆಗೆ ಬರೆದಿದ್ದ.

ವಾರಿಜಾ ಪರೀಕ್ಷಿಸಿದ ಪ್ರತಿಯೊಂದು ಬ್ಯಾಗಿನ ಫೋಟೋಗಳನ್ನೂ ಇಟ್ಟುಕೊಂಡಿದ್ದಳು. ಕಿನ್ನಿಗೋಳಿಯ ಬ್ಯಾಗಿನದನ್ನು ತೆಗೆದು ದೊಡ್ಡದು ಮಾಡಿ ನೋಡಿದಳು. ಹಿಡಿಕೆಯ ಬುಡದಲ್ಲಿ ಹೊಸ ದಾರದ ಹೊಲಿಗೆಯಿತ್ತು. ಅದರ ಅಂಚಿನಲ್ಲಿ ಹಳೆಯ ಸೂಜಿಯ ತೂತುಗಳ ಒಂದು ಸಾಲು ಕಾಣಿಸಿತು. ಅವುಗಳ ಅಂತರ ಆ ಕಂಪನಿಯದ್ದೇ. ಅಂದರೆ ಹಿಡಿಕೆ ಯಾವಾಗಲೋ ಕಿತ್ತುಹೋಗಿ, ಯಾರೋ ಅದನ್ನು ಮತ್ತೆ ಹೊಲಿದಿದ್ದರು. ಒಳಗಿನ ಬಟ್ಟೆ ಹರಿದು, ಬೇರೆ ಹಾಕಿಸಿದ್ದರು. ಬ್ಯಾಗು ಅಸಲಿಯಾಗಿತ್ತು.

ರಿಪೇರಿ ಅಂಗಡಿಯಲ್ಲಿ ಹುಟ್ಟಿ ಬೆಳೆದವಳಿಗೆ ರಿಪೇರಿಯ ಗುರುತು ಸಿಕ್ಕಿರಲಿಲ್ಲ.

ಯಾಕೆ ಸಿಗಲಿಲ್ಲ ಎಂದು ಅವಳು ತನ್ನನ್ನೇ ಕೇಳಿಕೊಂಡಳು. ಆ ದಿನದ ಮಾಹಿತಿ ಹಾಳೆಯನ್ನು ಹುಡುಕಿ ತೆಗೆದಳು. ಮಾರುವವರ ಹೆಸರು, ಊರು, ಉದ್ಯೋಗ ಅದರಲ್ಲಿರುತ್ತಿತ್ತು. ಉದ್ಯೋಗದ ಜಾಗದಲ್ಲಿ ‘ಹೋಂ ನರ್ಸ್’ ಎಂದಿತ್ತು. ಬ್ಯಾಗಿನ ಪೆಟ್ಟಿಗೆ ಬಿಚ್ಚುವ ಮೊದಲು ತಾನು ಆ ಹಾಳೆ ಓದಿದ್ದು ಅವಳಿಗೆ ನೆನಪಾಯಿತು. ದಾರ, ಬಟ್ಟೆ, ಅಂಕಿ ಮೂರೂ ಆಮೇಲೆ ಬಂದವು. ಇಂಥವಳ ಕೈಗೆ ಅಂಥ ಬ್ಯಾಗು ಎಲ್ಲಿಂದ ಬಂದೀತು ಎಂಬ ಯೋಚನೆ ಮೊದಲೇ ಬಂದಿತ್ತು.

ಅವಳು ತನಗೆ ಬ್ಯಾಗು ಕಳಿಸುತ್ತಿದ್ದ ಕಂಪನಿಯ ಮ್ಯಾನೇಜರಿಗೆ ಫೋನು ಮಾಡಿದಳು. ಅವನು ಅವಳಿಗಿಂತ ಚಿಕ್ಕವನು, ಒಳ್ಳೆಯವನು.

“ಅಕ್ಕಾ, ಆ ಹೆಂಗಸು ದೂರು ಕೊಟ್ಟಿದ್ದಾರಾ?” ಎಂದು ಕೇಳಿದ.

“ಇಲ್ಲ.”

“ಹಾಗಾದರೆ ಇದು ಗೊತ್ತಿರುವುದು ನಿಮಗೊಬ್ಬರಿಗೇ.”

“ಹೌದು. ನನಗೆ ಗೊತ್ತು.”

ಅವನು ಹೇಳಿದ. “ಒಂದು ಚೀಟಿ ತಪ್ಪು ಅಂತ ನಾವೇ ಹೇಳಿದರೆ, ನಾಲ್ಕು ಸಾವಿರ ಜನ ತಮ್ಮ ಚೀಟಿ ಹಿಡಿದುಕೊಂಡು ಬರುತ್ತಾರೆ. ಜನ ನಮ್ಮಲ್ಲಿ ಕೊಳ್ಳುವುದೇ ನಿಮ್ಮ ಚೀಟಿಯನ್ನು ನಂಬಿ. ಅದು ಹೋದರೆ ನಮಗೆ ಏನು ಉಳಿಯುತ್ತದೆ? ಬಿಟ್ಟುಬಿಡಿ ಅಕ್ಕಾ.”

ಹತ್ತು ದಿನ ವಾರಿಜಾ ಬಿಟ್ಟೇಬಿಟ್ಟಳು. ಆದರೆ ಆ ಹತ್ತು ದಿನವೂ ಅವಳಿಗೆ ಯಾವ ಬ್ಯಾಗಿಗೂ ಚೀಟಿ ಕಟ್ಟಲಾಗಲಿಲ್ಲ. ಹಸಿರೂ ಬರೆಯಲಾಗಲಿಲ್ಲ, ಕೆಂಪೂ ಬರೆಯಲಾಗಲಿಲ್ಲ. ಮೇಜಿನ ಮೇಲೆ ಪೆಟ್ಟಿಗೆಗಳು ಏರುತ್ತಾ ಹೋದವು. ಹನ್ನೊಂದನೆಯ ದಿನ ಒಂದು ತೀರ್ಮಾನಕ್ಕೆ ಬಂದಳು. ಆ ಹೆಂಗಸಿಗೆ ಮಾತ್ರ ಗುಟ್ಟಾಗಿ ಹೇಳಿಬಿಡುವುದು. ಕ್ಷಮೆ ಕೇಳುವುದು. ಅಲ್ಲಿಗೆ ಮುಗಿಯಿತು. ಬೆಳಗಿನ ಬಸ್ಸು ಹಿಡಿದು ಕಿನ್ನಿಗೋಳಿಗೆ ಹೋದಳು.

ಎಮಿಲ್ಡಾ ಬಾಯಿ ಬಾವಿಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದಳು. ಕೈ ಒರೆಸಿಕೊಂಡು ಬಂದಳು.

“ಬನ್ನಿ, ಕೂತುಕೊಳ್ಳಿ. ಯಾರೂಂತ ಗೊತ್ತಾಗಲಿಲ್ಲ.”

“ನಾನು ವಾರಿಜಾ. ನಿಮ್ಮ ಬ್ಯಾಗು ನೋಡಿ ಕೆಂಪು ಚೀಟಿ ಬರೆದವಳು.”

ಎಮಿಲ್ಡಾಳ ಮುಖ ಸಣ್ಣದಾಯಿತು. “ಪುನಃ ಎಂತ ಆಯಿತು?” ಎಂದಳು. ಇನ್ನೂ ಏನೋ ತಪ್ಪು ತನ್ನ ಮೇಲೆ ಬಂದಿದೆ ಎಂದು ಅವಳು ತಿಳಿದಿದ್ದಳು.

ವಾರಿಜಾ ಬಸ್ಸಿನಲ್ಲಿ ಬರುವಾಗ ಬಹಳ ಮಾತು ಜೋಡಿಸಿಕೊಂಡಿದ್ದಳು. ಒಂದೂ ನೆನಪಿಗೆ ಬರಲಿಲ್ಲ. “ಬ್ಯಾಗು ಅಸಲಿ, ಬಾಯಿ. ನಾನು ಬರೆದದ್ದು ತಪ್ಪು,” ಎಂದಳು.

ಎಮಿಲ್ಡಾ ಬೆಲೆಯ ವಿಷಯ ಕೇಳಲಿಲ್ಲ. ಯಾಕೆ ತಪ್ಪಾಯಿತು ಎಂದೂ ಕೇಳಲಿಲ್ಲ. “ಹಾಗಾದರೆ ಮದಾಮ್ ನನಗೆ ಒಳ್ಳೆಯದನ್ನೇ ಕೊಟ್ಟದ್ದು?” ಎಂದು ಕೇಳಿದಳು.

“ಹೌದು. ಅವರ ಹತ್ತಿರ ಇದ್ದದ್ದರಲ್ಲಿ ಒಳ್ಳೆಯದನ್ನೇ.”

ಎಮಿಲ್ಡಾ ಒಳಗೆ ಹೋದಳು. ಟ್ರಂಕಿನ ಮುಚ್ಚಳ ತೆರೆಯುವ ಸದ್ದಾಯಿತು. ಒಂದು ಫೋಟೋ ಹಿಡಿದು ಬಂದಳು. ಗಾಲಿ ಕುರ್ಚಿಯಲ್ಲಿ ಕುಳಿತ ಬಿಳಿ ಕೂದಲಿನ ಮುದುಕಿ, ಹಿಂದೆ ನಿಂತ ಎಮಿಲ್ಡಾ. ಗೋಡೆಯ ಮೇಲಿದ್ದ ಆ ಫೋಟೋವನ್ನು ಅವಳು ಕೊರಿಯರ್ ಬಂದ ದಿನವೇ ಇಳಿಸಿದ್ದಳು.

“ನವೆಂಬರಿನಲ್ಲಿ ಸತ್ತವರ ಹಬ್ಬ ಬಂತು,” ಎಂದಳು. “ಅಪ್ಪನಿಗೆ ಅಮ್ಮನಿಗೆ ಮೊಂಬತ್ತಿ ಹಚ್ಚಿದೆ. ಇವರಿಗೆ ಹಚ್ಚಲಿಲ್ಲ. ಕೈ ಬರಲಿಲ್ಲ ನನಗೆ. ಹತ್ತೊಂಬತ್ತು ವರ್ಷ ನನ್ನ ಕೈಯಲ್ಲೇ ಉಂಡವರು.” ಅವಳು ಅತ್ತಳು. ಫೋಟೋದ ಗಾಜನ್ನು ಸೆರಗಿನಿಂದ ಒರೆಸುತ್ತಲೇ ಅತ್ತಳು.

ವಾರಿಜಾ ತಲೆ ತಗ್ಗಿಸಿ ಕುಳಿತಳು. ತನ್ನ ಆರು ನಿಮಿಷ ಎಲ್ಲಿಯವರೆಗೆ ಬಂದಿತ್ತು ಎಂಬುದು ಅವಳಿಗೆ ಆಗ ತಿಳಿಯಿತು.

ಕಣ್ಣೊರೆಸಿಕೊಂಡು ಎಮಿಲ್ಡಾ ಹೇಳಿದಳು. “ಒಂದು ಉಪಕಾರ ಮಾಡ್ತೀರಾ? ಇದನ್ನು ನಮ್ಮ ಅತ್ತಿಗೆಗೂ ಹೇಳಿ. ನೆರೆಯವರಿಗೂ ಹೇಳಿ. ನಾನು ಹೇಳಿದರೆ ಯಾರೂ ನಂಬುವುದಿಲ್ಲ. ನಿಮ್ಮ ಚೀಟಿ ಎಲ್ಲರೂ ನೋಡಿದ್ದಾರೆ.”

ಗುಟ್ಟಾಗಿ ಹೇಳಿ ಹೋಗಲು ಬಂದವಳು ಅಂಗಳಕ್ಕೆ ಇಳಿದಳು. ಅತ್ತಿಗೆ ಬಂದಳು. ನೆರೆಯ ಹೆಂಗಸರು ಬಂದರು. ವಾರಿಜಾ ನಿಂತುಕೊಂಡೇ ಹೇಳಿದಳು. ಬ್ಯಾಗಿನ ಹಿಡಿಕೆ ಎತ್ತಿ ಹಳೆಯ ಸೂಜಿಯ ತೂತುಗಳನ್ನು ಒಬ್ಬೊಬ್ಬರಿಗೂ ತೋರಿಸಿದಳು. ಹಿಡಿಕೆ ಕಿತ್ತದ್ದು ಒಮ್ಮೆ ಗಾಲಿ ಕುರ್ಚಿಗೆ ಸಿಕ್ಕಿಕೊಂಡು, ಹೊಲಿಸಿಕೊಂಡು ಬಂದದ್ದು ತಾನೇ ಎಂದು ಎಮಿಲ್ಡಾ ನೆನಪು ಮಾಡಿಕೊಂಡಳು. ಅತ್ತಿಗೆ ಬಗ್ಗಿ ನೋಡಿದಳು. ನಾದಿನಿಯ ಕೈ ಹಿಡಿದುಕೊಂಡಳು. “ನಾನು ಅಂದದ್ದು ಮನಸ್ಸಿಗೆ ಹಾಕಿಕೊಳ್ಳಬೇಡ ಮಾರಾಯ್ತಿ,” ಎಂದಳು. ವಾರಿಜಾಳ ಕಡೆ ತಿರುಗಿ, “ಊಟ ಮಾಡದೆ ಹೋಗಬಾರದು ನೀವು,” ಎಂದಳು. ವಾರಿಜಾ ಆ ಮನೆಯಲ್ಲಿ ಊಟ ಮಾಡಿದಳು. ಹತ್ತು ದಿನದಲ್ಲಿ ಅವಳಿಗೆ ರುಚಿ ಹತ್ತಿದ ಊಟ ಅದೊಂದೇ.

ವಾಪಸು ಬರುವಾಗ ಬಸ್ಸಿನಲ್ಲೇ ಅವಳು ಮೊಬೈಲಿನಲ್ಲಿ ಬರೆದಳು. ತನ್ನ ಚೀಟಿಯನ್ನು ನಂಬುವ ಸಾವಿರಾರು ಜನ ಓದುವ ಜಾಗದಲ್ಲೇ ಬರೆದಳು. ಇಂಥ ದಿನ, ಇಂಥ ಬ್ಯಾಗನ್ನು ನಾನು ನಕಲಿ ಎಂದೆ. ಅದು ಅಸಲಿ. ಮಾರಲು ತಂದವರು ಸತ್ಯವಂತರು. ತಪ್ಪು ನನ್ನದು. ಎಲ್ಲಿ ತಪ್ಪಿದೆ ಎಂಬುದನ್ನು ಫೋಟೋಗಳ ಸಮೇತ ತೋರಿಸಿದಳು. ಹೋಂ ನರ್ಸ್ ಎಂಬ ಮಾತನ್ನು ಮೊದಲು ಓದಿದ್ದೆ ಎಂಬುದನ್ನೂ ಬಿಡದೆ ಬರೆದಳು. ಅದನ್ನು ಬರೆಯುವಾಗ ಮಾತ್ರ ಅವಳ ಬೆರಳು ಮೂರು ಸಲ ಹಿಂದಕ್ಕೆ ಬಂತು.

“ಜನ ಏನೆಂದರು?” ಎಂದು ಶಿಷ್ಯ ಕೇಳಿದ.

ಮ್ಯಾನೇಜರ್ ಹೇಳಿದ್ದು ನಿಜವಾಯಿತು. ಬಹಳ ಜನ ಬೈದರು. ಕಂಪನಿ ಅವಳಿಗೆ ಬ್ಯಾಗು ಕಳಿಸುವುದನ್ನು ನಿಲ್ಲಿಸಿತು. ಇನ್ನೂರಕ್ಕೂ ಹೆಚ್ಚು ಜನ, ನಮ್ಮ ಬ್ಯಾಗನ್ನೂ ಇನ್ನೊಮ್ಮೆ ನೋಡಿ ಎಂದು ಬರೆದರು. ಅವಳಿಗೆ ಬೇರೆ ಕೆಲಸವಿರಲಿಲ್ಲ. ಒಂದೊಂದನ್ನೂ ಮತ್ತೆ ತರಿಸಿ ನೋಡಿದಳು. ಈ ಸಲ ಆರು ನಿಮಿಷವೆಂಬ ಲೆಕ್ಕ ಇಟ್ಟುಕೊಳ್ಳಲಿಲ್ಲ. ಹಾಗೆ ನೋಡುವಾಗ ಇನ್ನೊಂದು ತಪ್ಪು ಸಿಕ್ಕಿತು. ಹುಬ್ಬಳ್ಳಿಯ ಹೆಂಗಸೊಬ್ಬಳು ಮಗಳ ಮದುವೆಗೆಂದು ಕೊಂಡಿದ್ದ ಬ್ಯಾಗು. ಅದಕ್ಕೆ ವಾರಿಜಾ ಹಸಿರು ಚೀಟಿ ಕಟ್ಟಿದ್ದಳು. ಅದು ನಕಲಿಯಾಗಿತ್ತು. ವಾರಿಜಾ ತಾನೇ ಫೋನು ಮಾಡಿ ಹೇಳಿದಳು. ಆ ಹೆಂಗಸು ಅರ್ಧ ಗಂಟೆ ಬೈದಳು. ವಾರಿಜಾ ಬೈಸಿಕೊಂಡಳು. ಕಂಪನಿ ಆ ಬ್ಯಾಗನ್ನು ವಾಪಸು ತೆಗೆದುಕೊಳ್ಳುವವರೆಗೂ ಅವಳು ಬಿಡಲಿಲ್ಲ. ಆಮೇಲೆ ಅದೇ ಹೆಂಗಸು ತನ್ನ ತಂಗಿಯ ಬ್ಯಾಗನ್ನು ಪರೀಕ್ಷೆಗೆ ಕಳಿಸಿದಳು. ಬೈದವರೆಲ್ಲ ಹೀಗೆ ತಿರುಗಿ ಬರಲಿಲ್ಲ. ಕೆಲವರು ಬಂದರು.

ಎಮಿಲ್ಡಾಳ ಬ್ಯಾಗಿಗೆ ವಾರಿಜಾ ಹಸಿರು ಚೀಟಿ ಬರೆದಳು. ಅದರ ಹಿಂಭಾಗದಲ್ಲಿ, ಹಿಡಿಕೆ ಹೊಲಿಸಿದ್ದು, ಒಳಬಟ್ಟೆ ಬದಲಿಸಿದ್ದು, ಒಮ್ಮೆ ನಾನೇ ಇದನ್ನು ತಪ್ಪಾಗಿ ನಕಲಿ ಎಂದದ್ದು ಎಂದು ಎಲ್ಲವನ್ನೂ ಬರೆದಳು. ತಪ್ಪು ಒಪ್ಪಿಕೊಂಡಿದ್ದ ಜಾಗದಲ್ಲೇ ಬ್ಯಾಗನ್ನು ಮಾರಾಟಕ್ಕೂ ಹಾಕಿದಳು.

“ಇಷ್ಟೆಲ್ಲ ಬರೆದರೆ ಯಾರು ತೆಗೆದುಕೊಳ್ಳುತ್ತಾರೆ?” ಎಂದು ಎಮಿಲ್ಡಾ ಹೆದರಿದಳು.

ಒಂಬತ್ತನೆಯ ದಿನ ಒಬ್ಬಳು ತೆಗೆದುಕೊಂಡಳು. ಬಂದ ಹಣದಲ್ಲಿ ಎರಡು ಮಂಚ ಬಂತು. ಬಚ್ಚಲಿನ ಗೋಡೆಗೆ ಸರಳು ಬಂತು. ಮೊದಲು ಬಂದವರು ಸೊಂಟದ ಮೂಳೆ ಮುರಿದು ಆಸ್ಪತ್ರೆಯಲ್ಲಿದ್ದ ಒಬ್ಬ ಅಜ್ಜ. ಹದಿನೇಳನೆಯ ದಿನ ಅವರು ಕೋಲೂರಿ ತಾವೇ ನಡೆದು ಮನೆಗೆ ಹೋದರು. ಮದಾಮ್ ಫೋಟೋ ಆ ಎರಡು ಮಂಚಗಳ ನಡುವಿನ ಗೋಡೆಯ ಮೇಲಿದೆ.

ಅರ್ಧ ವರ್ಷವಾದ ಮೇಲೆ ಮ್ಯಾನೇಜರ್ ಫೋನು ಮಾಡಿದ. ಅವಳ ಜಾಗಕ್ಕೆ ಇಬ್ಬರು ಬಂದು ಹೋಗಿದ್ದರು. “ಅಕ್ಕಾ, ನಾನು ಆ ದಿನ ಹೇಳಿದ್ದು ಸರಿಯಿರಲಿಲ್ಲ. ಪುನಃ ಬರ್ತೀರಾ?” ಎಂದ.

“ಬರುತ್ತೇನೆ. ಎರಡು ವಿಷಯಕ್ಕೆ ನೀವು ಒಪ್ಪಬೇಕು. ಮಾರುವವರ ಉದ್ಯೋಗ ನನಗೆ ಕಾಣಿಸಬಾರದು. ಮತ್ತೆ ಹಳದಿ ಬಣ್ಣದ ಚೀಟಿಯೂ ಇರಬೇಕು.”

“ಹಳದಿ ಎಂತಕ್ಕೆ?”

“ನನಗೆ ಗೊತ್ತಾಗಲಿಲ್ಲ ಅಂತ ಬರೆಯಲಿಕ್ಕೆ.”

ಅವನು ನಕ್ಕ. ಅವಳು ನಗಲಿಲ್ಲ. ಅವನು ಒಪ್ಪಿದ. ಈಗ ಅವಳ ಮೇಜಿನ ಮೇಲೆ ಮೂರು ಬಣ್ಣದ ಚೀಟಿಗಳಿವೆ.

ಗುರುಗಳು ಕತೆ ನಿಲ್ಲಿಸಿ ರಟ್ಟು ಒಣಗಿದೆಯೇ ಎಂದು ಮುಟ್ಟಿ ನೋಡಿದರು.

ಶಿಷ್ಯನ ಮುಖ ತಿಳಿಯಾಗಿತ್ತು. “ಹಾಗಾದರೆ ಅವಳ ಮಾತಿನ ಬೆಲೆ ಕಡಿಮೆಯಾಗಲಿಲ್ಲ, ಅಲ್ಲವೇ ಗುರುಗಳೇ?” ಎಂದ. “ತಿರುಗಿ ನೋಡಿದರೆ ಹೆಚ್ಚೇ ಆಯಿತು. ನನ್ನದೂ ಹಾಗೇ ಆಗಬಹುದಲ್ಲವೇ?”

ಗುರುಗಳು ಅವನ ಮುಖವನ್ನು ನೋಡಿದರು.

“ಆ ಹುಡುಗಿ ಈ ಮೂರು ದಿನ ಎಲ್ಲರ ಜೊತೆ ಊಟಕ್ಕೆ ಕೂತಳೇ?” ಎಂದು ಕೇಳಿದರು.